ಬಿಳಿ ಕಾಂಡಕೊರಕ: ಕಾಫಿ ಗಿಡದೊಳಗಿನ ಮೀಸೆ ದುಂಬಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅರೇಬಿಕಾ ಕಾಫಿ ತೋಟ ಇರುವವರ ಮನೆಯಲ್ಲಿ ‘ಬೋರರ್’ ಅಂದರೆ ಸಾಕು, ಅದು ಬಿಳಿ ಕಾಂಡಕೊರಕವೇ, ಯಾವ ಬೋರರ್ ಎಂದು ಯಾರೂ ಕೇಳುವುದಿಲ್ಲ. ಹೊರಗಿನವರಿಗೆ, ಹೊಸದಾಗಿ ತೋಟ ಕೊಂಡವರಿಗೆ, ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಊರಿಗೆ ಮರಳಿದ ಹುಡುಗರಿಗೆ ಮಾತ್ರ ನೂರು ಅನುಮಾನ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಒಂದೇ ಸಾಲು.

ಇದು ನಿಜಕ್ಕೂ ಯಾವ ಹುಳ?

ದುಂಬಿ. ಸೆರಾಂಬಿಸಿಡೆ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಉದ್ದುದ್ದ ಮೀಸೆಯ, ಮರ ಕೊರೆಯುವ ದುಂಬಿಗಳ ಕುಟುಂಬ ಅದು. ಪ್ರಪಂಚದಲ್ಲಿ 30,000ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮದರ ವೈಜ್ಞಾನಿಕ ಹೆಸರು ಝೈಲೋಟ್ರೆಕಸ್ ಕ್ವಾಡ್ರಿಪೆಸ್. ಫ್ರಾನ್ಸಿನ ಕೀಟತಜ್ಞ ಶೆವ್ರೊಲಾ 1863ರಲ್ಲಿ ಇಟ್ಟದ್ದು. ‘ಕ್ವಾಡ್ರಿಪೆಸ್’ ಅಂದರೆ ಲ್ಯಾಟಿನ್‌ನಲ್ಲಿ ನಾಲ್ಕು ಕಾಲಿನದು. ಎಲ್ಲ ಕೀಟಗಳ ಹಾಗೆ ಇದಕ್ಕೂ ಇರುವುದು ಆರೇ ಕಾಲು, ಎಣಿಸಿ ನೋಡಿ.

ಇನ್ನೊಂದು ತಮಾಷೆ: ಉದ್ದ ಮೀಸೆಯ ಕುಟುಂಬದಲ್ಲಿ ಹುಟ್ಟಿಯೂ ಇದರ ಮೀಸೆ ಗಿಡ್ಡ. ಮಾವಿನ ಮರದ ದುಂಬಿಯ ಹಾಗೆ ಮೈಯನ್ನೂ ಮೀರಿ ಚಾಚಿಕೊಂಡ ಮೀಸೆಯನ್ನು ಹುಡುಕಿದರೆ ನಿರಾಸೆಯಾಗುತ್ತದೆ.

ನೋಡಿದರೆ ಗುರುತು ಹಿಡಿಯುವುದು ಹೇಗೆ?

ಸಪೂರ, ಉದ್ದನೆಯ ಕಪ್ಪು ಮೈ. 10ರಿಂದ 17 ಮಿಲಿಮೀಟರ್, ಅಂದರೆ ಒಂದು ದೊಡ್ಡ ಭತ್ತದ ಕಾಳಿಗಿಂತ ತುಸು ಉದ್ದ. ಬೆನ್ನ ಮೇಲಿನ ಗಟ್ಟಿ ರೆಕ್ಕೆಯ ಮೇಲೆ ಬೂದು ಬಿಳಿಯ ಗೆರೆಗಳು, ತಲೆಕೆಳಗಾದ ‘ವಿ’ ಆಕಾರದಲ್ಲಿ. ಓಡುವ ಚುರುಕು ನೋಡಿದರೆ ಮೊದಲ ನೋಟಕ್ಕೆ ದೊಡ್ಡ ಇರುವೆಯೋ ಕಣಜವೋ ಎಂದೇ ಅನ್ನಿಸುತ್ತದೆ. ಈ ಗುಂಪಿನ ಹಲವು ದುಂಬಿಗಳು ಕಣಜದ ವೇಷ ಹಾಕಿಕೊಂಡೇ ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತವೆ.

ಹೆಸರಿನಲ್ಲಿರುವ ‘ಬಿಳಿ’ ದುಂಬಿಯ ಬಣ್ಣವಲ್ಲ, ಒಳಗಿರುವ ಮರಿಹುಳುವಿನದು. ಕಾಲಿಲ್ಲದ, ಮಾಸಲು ಬಿಳಿಯ ಹುಳ. ತಲೆಯ ಕಡೆ ಅಗಲ, ಬಾಲದ ಕಡೆ ಸಣ್ಣ. ಸೌದೆ ಸೀಳುವಾಗ ಹೊರಗೆ ಬೀಳುವುದು ಇದೇ.

ತೋಟದಲ್ಲಿ ಹುಟ್ಟಿ ಬೆಳೆದೆ, ಈ ದುಂಬಿಯನ್ನು ಒಮ್ಮೆಯೂ ಕಂಡಿಲ್ಲವಲ್ಲ?

ಆಶ್ಚರ್ಯವಿಲ್ಲ. ವರ್ಷವಿಡೀ ತೋಟದಲ್ಲಿ ಓಡಾಡುವ ಹಳೆಯ ಮೇಸ್ತ್ರಿಗಳೂ ಹಾರುವ ದುಂಬಿಯನ್ನು ಬೆರಳೆಣಿಕೆಯಷ್ಟು ಸಲ ನೋಡಿರುತ್ತಾರೆ. ಈ ಕೀಟದ ಆಯುಸ್ಸು ಹೆಚ್ಚುಕಡಿಮೆ ಒಂದು ವರ್ಷ. ಅದರಲ್ಲಿ ಬಯಲಿಗೆ ಬಂದು ಬಿಸಿಲು ಕಾಣುವುದು ಕೊನೆಯ ಕೆಲವು ವಾರ ಮಾತ್ರ. ಉಳಿದದ್ದೆಲ್ಲ ತೊಗಟೆಯ ಕೆಳಗೆ, ಮರದ ತಿರುಳಿನಲ್ಲಿ, ಕತ್ತಲಲ್ಲಿ.

ಇದರ ಬಗ್ಗೆ ಒಂದೇ ಮಾತು ನೆನಪಿಡಬೇಕೆಂದರೆ ಇದನ್ನು ಇಟ್ಟುಕೊಳ್ಳಿ. ನಮ್ಮ ಗುದ್ದಾಟ ಹುಳದ ಜೊತೆಗಿಂತ ಹೆಚ್ಚಾಗಿ ಕ್ಯಾಲೆಂಡರ್ ಜೊತೆ. ಸರಿಯಾದ ತಿಂಗಳಲ್ಲಿ ಮಾಡಿದ ಸಣ್ಣ ಕೆಲಸ ಗಿಡ ಉಳಿಸುತ್ತದೆ, ತಪ್ಪು ತಿಂಗಳಲ್ಲಿ ಸುರಿದ ದುಬಾರಿ ಔಷಧಿ ಮಣ್ಣಿಗೆ ಹೋಗುತ್ತದೆ.

ಹಾಗಾದರೆ ಆ ಒಂದು ವರ್ಷ ಒಳಗೆ ಏನು ಮಾಡುತ್ತದೆ?

ಮೊದಲಿನಿಂದ ಹೇಳುತ್ತೇನೆ. ವರ್ಷಕ್ಕೆ ಎರಡು ಹಾರಾಟದ ಕಾಲ: ಬೇಸಿಗೆಯಲ್ಲಿ ಏಪ್ರಿಲ್–ಮೇ, ಮಳೆಗಾಲ ಮುಗಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್. ನೆತ್ತಿ ಸುಡುವ ಬಿಸಿಲಿದ್ದರೆ ದುಂಬಿಗೆ ಹಬ್ಬ. ಮೋಡ ಮುಚ್ಚಿದ, ತಂಪಾದ ದಿನ ಅದು ಹೆಚ್ಚು ಕದಲುವುದಿಲ್ಲ. ಗಂಡು ಹೆಣ್ಣು ಸೇರಿದ ಮೇಲೆ ಹೆಣ್ಣು ದುಂಬಿ ಮುಖ್ಯ ಕಾಂಡ ಮತ್ತು ದಪ್ಪ ರೆಕ್ಕೆಗಳ (ಗಿಡದ ಕೊಂಬೆಗಳ) ಮೇಲೆ ಓಡಾಡುತ್ತ, ಸೀಳು ಬಿಟ್ಟ ತೊಗಟೆಯ ಸಂದಿನಲ್ಲಿ, ಸಿಪ್ಪೆ ಎದ್ದ ಕಡೆಯ ಅಡಿಯಲ್ಲಿ ಮೊಟ್ಟೆ ತೂರಿಸುತ್ತದೆ. ಒಂದು ಹೆಣ್ಣು 50ರಿಂದ 100ರವರೆಗೆ ಇಡಬಲ್ಲದು. ಎಲ್ಲವನ್ನೂ ಒಂದೇ ಗಿಡಕ್ಕೆ ಇಡುವುದಿಲ್ಲ, ಹಂಚುತ್ತದೆ. ಕೆಲವು ದಿನಗಳಿಂದ ಹೆಚ್ಚೆಂದರೆ ಹತ್ತು ಹನ್ನೆರಡು ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ.

ಮರಿಹುಳು ನೇರವಾಗಿ ಮರಕ್ಕೆ ನುಗ್ಗುವುದಿಲ್ಲ. ಮೊದಲ ಎರಡು ತಿಂಗಳು ತೊಗಟೆಯ ಕೆಳಗಿನ ಮೆತ್ತನೆಯ ಪದರವನ್ನೇ ತಿಂದುಕೊಂಡು ಸುತ್ತುತ್ತದೆ. ಅದು ತಿಂದ ಜಾಡಿನ ಮೇಲೆ ಗಿಡ ಗಾಯ ಮುಚ್ಚಲು ಹೊಸ ಅಂಗಾಂಶ ಬೆಳೆಸುತ್ತದೆ. ಹೊರಗಿನಿಂದ ಕೈಯಾಡಿಸಿದರೆ ಕಾಂಡದ ಸುತ್ತ ಬಳೆ ತೊಡಿಸಿದಂಥ ಉಬ್ಬು ಸಿಗುವುದು ಅದರಿಂದಲೇ. ಆಮೇಲೆ ಹುಳ ಗಟ್ಟಿ ಮರಕ್ಕೆ ಇಳಿಯುತ್ತದೆ. ಎತ್ತೆಂದರತ್ತ ಸುರಂಗ, ಮೇಲೆ, ಕೆಳಗೆ, ಕೆಲವೊಮ್ಮೆ ಬೇರಿನವರೆಗೂ.

ಸುರಂಗದ ವಿಶೇಷವೆಂದರೆ ಅದು ಖಾಲಿ ಇರುವುದಿಲ್ಲ. ಹುಳ ಮುಂದೆ ಕೊರೆಯುತ್ತ ಹಿಂದಿನ ದಾರಿಯನ್ನು ತನ್ನ ಹಿಕ್ಕೆಯ ಪುಡಿಯಿಂದ ಗಿಡಿದು ತುಂಬಿಬಿಡುತ್ತದೆ. ಹೊರಗೆ ಒಂದು ಚೂರೂ ಉದುರಿಸುವುದಿಲ್ಲ. ಮಾವಿನ ಕಾಂಡಕೊರಕವಾದರೆ ತೂತಿನಿಂದ ಹೊಟ್ಟು ಹೊರಗೆ ಬೀಳುತ್ತದೆ, ತಂತಿ ತೂರಿಸಿ ಚುಚ್ಚಬಹುದು, ಔಷಧಿ ಒಳಗೆ ಬಿಟ್ಟು ಮಣ್ಣು ಮೆತ್ತಬಹುದು. ಇಲ್ಲಿ ಅಂಥ ಬಾಗಿಲೇ ಇಲ್ಲ. ತಂತಿಯೂ ಹೋಗದು, ದ್ರವವೂ ಇಳಿಯದು.

ಹೀಗೆ ಸುಮಾರು ಹತ್ತು ತಿಂಗಳು ತಿಂದು ಬೆಳೆದ ಹುಳ ಮತ್ತೆ ತೊಗಟೆಯ ಹತ್ತಿರಕ್ಕೆ ಬಂದು ಒಂದು ಕೋಣೆ ಮಾಡಿಕೊಂಡು ಕೋಶವಾಗುತ್ತದೆ. ತಿಂಗಳೊಪ್ಪತ್ತಿನಲ್ಲಿ ದುಂಬಿ ತಯಾರು. ತಯಾರಾದರೂ ಕೆಲವು ದಿನ ಆ ಕೋಣೆಯಲ್ಲೇ ಕುಳಿತಿದ್ದು, ಹೊರಗೆ ಹದ ಬಂದಾಗ ತೊಗಟೆಯಲ್ಲಿ ದುಂಡಗೆ ಒಂದು ಸಣ್ಣ ತೂತು ಕೊರೆದು ಹೊರಬೀಳುತ್ತದೆ. ಗಿಡದ ಮೇಲೆ ನಿಮಗೆ ಕಾಣುವ ಏಕೈಕ ತೂತು ಅದು. ಅಂದರೆ ಹುಳ ಹೊರಟು ಹೋದ ಗುರುತು. ತೂತು ಕಂಡ ಮೇಲೆ ಔಷಧಿ ಹೊಡೆಯುವುದು ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಈ ದುಂಬಿ ಎಲ್ಲೆಲ್ಲಿ ಇದೆ? ನಮ್ಮ ಮಲೆನಾಡಿಗೆ ಮಾತ್ರವೇ?

ಅಲ್ಲ. ಇದು ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕೀಟ. ಭಾರತ, ಶ್ರೀಲಂಕಾ, ನೇಪಾಳ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಚೀನಾದ ದಕ್ಷಿಣ ಭಾಗ, ಇಂಡೋನೇಷ್ಯಾ, ಇಷ್ಟೂ ಕಡೆ ದಾಖಲಾಗಿದೆ. ಆದರೆ ಇರುವುದು ಬೇರೆ, ಕಾಡುವುದು ಬೇರೆ. ಕಾಡುವುದು ಅರೇಬಿಕಾ ಬೆಳೆಯುವ ಗುಡ್ಡಗಳಲ್ಲಿ.

ನಮ್ಮಲ್ಲಿ ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಯ ಸಕಲೇಶಪುರದ ಕಡೆ, ಗಡಿಯಾಚೆ ವಯನಾಡು, ತಮಿಳುನಾಡಿನ ಬೆಟ್ಟಗಳು. ನೇಪಾಳದಲ್ಲಿ ಗುಲ್ಮಿ, ಪಾಲ್ಪಾದಂಥ ಮಧ್ಯ ಗುಡ್ಡಗಾಡಿನ ಸಣ್ಣ ಹಿಡುವಳಿದಾರರು ಕಾಫಿ ಹಾಕಿ ಕೈ ಸುಟ್ಟುಕೊಂಡದ್ದರಲ್ಲಿ ಇದರ ಪಾಲು ದೊಡ್ಡದು. ವಿಯೆಟ್ನಾಂ ಎಂದರೆ ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾ ಎಂದೇ ನಮಗೆ ಗೊತ್ತು. ಆ ದೇಶದ ಉತ್ತರದ ಬೆಟ್ಟಗಳಲ್ಲಿ ಅರೇಬಿಕಾ ಇದೆ, ಅಲ್ಲಿ ಈ ದುಂಬಿಯೂ ಇದೆ. ಫ್ರೆಂಚರ ಆಳ್ವಿಕೆಯ ಕಾಲದಿಂದಲೂ ಅಲ್ಲಿನ ತೋಟಗಾರರಿಗೆ ಇದು ತಲೆನೋವು.

ಚೀನಾದ ಯುನ್ನಾನ್‌ನಲ್ಲಿ ಇದನ್ನು ಹುಲಿ ದುಂಬಿಗಳ ಸಾಲಿಗೆ ಸೇರಿಸುತ್ತಾರೆ. ಬೆನ್ನ ಮೇಲಿನ ಗೆರೆಗಳು ಅವರ ಲಿಪಿಯ ಒಂದು ಅಕ್ಷರದಂತೆ ಕಾಣುತ್ತವಂತೆ, ಹೆಸರಲ್ಲೂ ಆ ಅಕ್ಷರವನ್ನೇ ಇಟ್ಟುಕೊಂಡಿದ್ದಾರೆ. ಅದರ ಅರ್ಥ ‘ನಂದಿಸು, ಇಲ್ಲವಾಗಿಸು’. ಸರಿಯಾಗಿಯೇ ಓದಿಕೊಂಡಿದ್ದಾರೆ.

ಆಫ್ರಿಕಾದಲ್ಲೂ ಬಿಳಿ ಕಾಂಡಕೊರಕ ಇದೆ ಎಂದು ಓದಿದೆ. ಅದೂ ಇದೇನಾ?

ಹೆಸರು ಒಂದೇ, ಹುಳ ಬೇರೆ. ಈ ಗೊಂದಲ ಬಹಳ ಜನರಿಗೆ ಆಗಿದೆ, ಗೂಗಲ್‌ನಲ್ಲಿ ಹುಡುಕಿದರೆ ಎರಡೂ ಕಲಸಿಕೊಂಡು ಬರುತ್ತವೆ. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ್ದು ಮೊನೊಕಾಮಸ್ ಲ್ಯುಕೊನೋಟಸ್. ಅದೂ ಮೀಸೆ ದುಂಬಿಯೇ, ಆದರೆ ನಮ್ಮದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದು. ನಿಜವಾಗಿಯೂ ಉದ್ದ ಮೀಸೆ ಇದೆ, ಬೆನ್ನು ಬಿಳಿಚಿಕೊಂಡಿದೆ. ಅದರ ಮರಿಹುಳು ಬುಡದ ತೊಗಟೆಯನ್ನು ಸುತ್ತಲೂ ಹೆರೆದು ತಿನ್ನುತ್ತದೆ, ದುಂಬಿಯಾಗಲು ಎರಡು ವರ್ಷದವರೆಗೂ ತೆಗೆದುಕೊಳ್ಳುತ್ತದೆ. ಅಲ್ಲಿನ ಸಲಹೆಯನ್ನು ಇಲ್ಲಿ, ಇಲ್ಲಿನ ತಿಂಗಳನ್ನು ಅಲ್ಲಿ ಅನ್ವಯಿಸಿದರೆ ಕೆಲಸ ಕೆಟ್ಟಂತೆಯೇ.

ನಮ್ಮಲ್ಲಿ ಇದು ಯಾವಾಗಿನಿಂದ ಇದೆ?

ಮೈಸೂರು ಸೀಮೆಯ ಕಾಫಿಯಲ್ಲಿ ಈ ಕೊರಕ ಇದೆಯೆಂಬ ಮಾತು 1838ರಷ್ಟು ಹಿಂದೆಯೇ ಬರುತ್ತದೆ. ನಿಜವಾದ ಅನಾಹುತ ನಡೆದದ್ದು 1860ರ ದಶಕದಲ್ಲಿ. ಕಾಡು ಬೋಳಿಸಿ, ನೆರಳಿಲ್ಲದೆ, ಸಾಲಾಗಿ ಕಾಫಿ ಹಾಕಿದ ಕಾಲ ಅದು. ಬಿಸಿಲಿಗೆ ಬಿಟ್ಟ ಗಿಡ ಬೇಗ ಫಸಲು ಕೊಡುತ್ತದೆಂಬ ಲೆಕ್ಕ. ಅದರ ಮೇಲೆ ಮಳೆ ಕೈಕೊಟ್ಟ ವರ್ಷಗಳೂ ಬಂದವು. ಕೊಡಗು, ಮೈಸೂರು, ವಯನಾಡಿನಲ್ಲಿ ತೋಟಕ್ಕೆ ತೋಟವೇ ಒಣಗಿದಾಗ ಮದ್ರಾಸ್ ಸರ್ಕಾರ ಡಾ. ಜಾರ್ಜ್ ಬಿಡಿ ಎಂಬ ವೈದ್ಯಾಧಿಕಾರಿಯನ್ನು ತನಿಖೆಗೆ ಕಳಿಸಿತು. ಅವರ ವರದಿ 1869ರಲ್ಲಿ ಅಚ್ಚಾಯಿತು. ಅವರು ಹೇಳಿದ್ದರ ಸಾರ: ನೆರಳು ಕೊಡಿ. 150 ವರ್ಷ ಕಳೆದರೂ ಸಲಹೆ ಬದಲಾಗಿಲ್ಲ. ನಾವು ಸಹ ಅಷ್ಟೇನೂ ಬದಲಾಗಿಲ್ಲ, ಆ ಮಾತು ಬೇರೆ.

ಬಾಬಾ ಬುಡನ್ ತಂದರೆಂಬ ಬೀಜದ ವಂಶ, ‘ಚಿಕ್’ ಎಂದು ಕರೆಯುತ್ತಿದ್ದ ಹಳೆಯ ತಳಿ, ಆ ಹೊಡೆತದಿಂದ ಮೇಲೇಳಲಿಲ್ಲ. ಹಿಂದೆಯೇ ಎಲೆ ತುಕ್ಕು ರೋಗವೂ ಬಂತು. ಮುಂದೆ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದಾಗ ಅದರ ಎದುರಿಗೆ ಇದ್ದ ಹಳೆಯ ವೈರಿಗಳು ಇವೆರಡೇ. ತುಕ್ಕು ರೋಗಕ್ಕೆ ತಡೆಯುವ ತಳಿಗಳು ಒಂದರ ಹಿಂದೆ ಒಂದು ಬಂದವು. ಕಾಂಡಕೊರಕಕ್ಕೆ ಪೂರ್ತಿ ಜಗ್ಗದ ಅರೇಬಿಕಾ ತಳಿ ಇನ್ನೂ ತೋಟಗಾರನ ಕೈಗೆ ಬಂದಿಲ್ಲ.

ನೆರಳಿಗೂ ಹುಳಕ್ಕೂ ಏನು ಸಂಬಂಧ?

ದುಂಬಿಗೆ ಬೇಕಾದದ್ದು ಬಿಸಿಲು ಬಿದ್ದ, ಬೆಚ್ಚಗಿನ ಕಾಂಡ. ಅಲ್ಲಿ ಅದು ಚುರುಕಾಗಿ ಓಡಾಡುತ್ತದೆ, ಕೂಡುತ್ತದೆ, ಮೊಟ್ಟೆ ಇಡುತ್ತದೆ. ಬಿಸಿಲಿಗೆ ತೊಗಟೆ ಬಿರಿಯುವುದರಿಂದ ಮೊಟ್ಟೆ ಇಡಲು ಜಾಗವೂ ಸಿಗುತ್ತದೆ. ನೆರಳು ಬಿದ್ದ ತಂಪು ಕಾಂಡ ಅದಕ್ಕೆ ರುಚಿಸುವುದಿಲ್ಲ.

ಹೀಗಾಗಿ ತೋಟದಲ್ಲಿ ಬೋರರ್ ಹಂಚಿಕೆ ಒಂದೇ ಸಮನಾಗಿ ಇರುವುದಿಲ್ಲ. ದಕ್ಷಿಣಕ್ಕೂ ಪಶ್ಚಿಮಕ್ಕೂ ಮುಖ ಮಾಡಿದ ಇಳಿಜಾರು, ಗಾಳಿಗೆ ಮರ ಬಿದ್ದು ಆಕಾಶ ಕಾಣುವ ಜಾಗ, ರಸ್ತೆ ಅಂಚು, ಕರೆಂಟ್ ಲೈನ್ ಹಾದುಹೋದ ಪಟ್ಟಿ, ಮಗಳ ಮದುವೆಗೆಂದು ಸಿಲ್ವರ್ ಓಕ್ ಮಾರಿದ ಬ್ಲಾಕ್, ಹುಡುಕುವುದನ್ನು ಅಲ್ಲಿಂದ ಶುರು ಮಾಡಿ. ಮರದ ವ್ಯಾಪಾರಿ ಕೊಟ್ಟ ದುಡ್ಡಿನಲ್ಲಿ ಎಷ್ಟು ಪಾಲು ಮುಂದಿನ ಮೂರು ವರ್ಷ ಸಾಯುವ ಕಾಫಿ ಗಿಡಕ್ಕೆ ಹೋಯಿತೆಂದು ಯಾರೂ ಲೆಕ್ಕ ಹಾಕುವುದಿಲ್ಲ.

ಹಾಗೆಂದು ಕಗ್ಗತ್ತಲು ಮಾಡುವಂತಿಲ್ಲ. ಮಳೆಗಾಲದಲ್ಲಿ ಕೊಳೆರೋಗ, ಫಸಲು ಇಳಿತ, ಎಲ್ಲವೂ ಕಾದಿರುತ್ತವೆ. ಅತ್ತಿ, ಹಲಸು, ನಂದಿಯಂಥ ಎತ್ತರದ ಮರಗಳ ಮೇಲ್ಚಾವಣಿ, ಅದರ ಕೆಳಗೆ ಹಾಲುವಾಣದ ಎರಡನೇ ಚಾವಣಿ, ಹಳಬರು ಮಾಡಿಕೊಂಡಿದ್ದ ಈ ಏರ್ಪಾಡು ಬಿಸಿಲನ್ನು ಜರಡಿ ಹಿಡಿದ ಹಾಗೆ ಇಳಿಸುತ್ತಿತ್ತು. ತೊಡಕಿರುವುದು ಮರಗಸಿಯಲ್ಲಿ, ಅಂದರೆ ನೆರಳು ಮರಗಳ ಕೊಂಬೆ ಸವರುವುದರಲ್ಲಿ. ಮುಂಗಾರಿಗೆ ಮುಂಚೆ ಮರಗಸಿ ಮಾಡಲೇಬೇಕು. ಅದು ಬೀಳುವುದು ಸರಿಯಾಗಿ ಬೇಸಿಗೆ ಹಾರಾಟದ ಹೊತ್ತಿಗೇ. ಆಳು ಸಿಕ್ಕಿದರೆಂದು ಏಪ್ರಿಲ್ ಮೊದಲ ವಾರಕ್ಕೆ ಇಡೀ ಬ್ಲಾಕ್ ಬೋಳಿಸಿದರೆ ನಾವೇ ಎಲೆ ಹಾಕಿ ಊಟಕ್ಕೆ ಕರೆದಂತೆ. ಆದಷ್ಟು ಮಳೆಯ ಹೊಸ್ತಿಲಿಗೆ ಒತ್ತಿ ಮಾಡಿಸಿ. ತೆರೆದ ಇಳಿಜಾರುಗಳಲ್ಲಿ ಕೈ ಬಿಗಿ ಹಿಡಿಯಿರಿ.

ನಮ್ಮ ಗಿಡಕ್ಕೆ ಹುಳ ಬಿದ್ದಿದೆ ಎಂದು ತಿಳಿಯುವುದು ಹೇಗೆ?

ಎಲೆ ಹಳದಿಯಾಗಿ ಬಾಡುವುದು ಎಲ್ಲರಿಗೂ ಕಾಣುತ್ತದೆ. ಆದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಕೈಗೆ ಸಿಗುವ ಗುರುತು ಕಾಂಡದ ಮೇಲಿನ ಉಬ್ಬು. ಅನುಭವಸ್ಥ ಹೆಣ್ಣಾಳುಗಳು ನೋಡುವುದಕ್ಕಿಂತ ಮುಟ್ಟಿಯೇ ಹೇಳುತ್ತಾರೆ. ಹಸ್ತವನ್ನು ಬುಡದಿಂದ ಮೇಲಕ್ಕೆ ಎಳೆದುಕೊಂಡು ಹೋಗುವಾಗ ಉಬ್ಬು ತಾಗಿ ಎಲ್ಲಿ ನಿಂತಿತೋ, ಅಲ್ಲಿ ಹುಳ ಇದೆ. ಅನುಮಾನವಿದ್ದರೆ ಕಾಂಡವನ್ನು ಸ್ವಲ್ಪ ಬಗ್ಗಿಸಿ ನೋಡಬಹುದು, ಸುರಂಗ ಬಿದ್ದ ಗಿಡ ಲಟಕ್ಕನೆ ಮುರಿಯುತ್ತದೆ.

ಏಳೆಂಟು ವರ್ಷದೊಳಗಿನ ಗಿಡ ಒಂದೇ ವರ್ಷದಲ್ಲಿ ಸಾಯುತ್ತದೆ. ಹಳೆಯ ದಪ್ಪ ಗಿಡ ಕೆಲವು ವರ್ಷ ಎಳೆಯುತ್ತದೆ. ಕಾಯಿ ಬಿಡುತ್ತದೆ, ಆದರೆ ಜೊಳ್ಳು ಹೆಚ್ಚು, ತೊಟ್ಟಿಗೆ ಹಾಕಿದರೆ ತೇಲುತ್ತದೆ. ಈ ಹಳೆಯ ಗಿಡಗಳೇ ಹೆಚ್ಚು ಅಪಾಯಕಾರಿ ಎನ್ನುವುದು ನನ್ನ ಅಭಿಪ್ರಾಯ. ಸತ್ತ ಗಿಡವನ್ನು ಯಾರಾದರೂ ಕಿತ್ತಾರು. ‘ಈ ವರ್ಷದ ಫಸಲು ಬರಲಿ’ ಎಂದು ಉಳಿಸಿಕೊಂಡ ಗಿಡ ಸುತ್ತಲಿನ ಹತ್ತು ಗಿಡಕ್ಕೆ ಹುಳ ಹಂಚುತ್ತದೆ.

ಟ್ರೇಸಿಂಗ್ (ಹುಳ ಬಿದ್ದ ಗಿಡ ಹುಡುಕಿ ತೆಗೆಯುವುದು) ಯಾವಾಗ ಮಾಡಬೇಕು? ಹೇಗೆ?

ಹಾರಾಟಕ್ಕೆ ಮುಂಚೆ. ಮಾರ್ಚ್‌ನಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ. ಈ ಎರಡು ತಿಂಗಳು ಹೆಚ್ಚಿನ ಹುಳಗಳು ಬಲಿತು ಒಳಗೇ ಇರುತ್ತವೆ, ಗಿಡದ ಜೊತೆ ಅವೂ ಸಿಕ್ಕಿಬೀಳುತ್ತವೆ. ತಿಂಗಳು ತಪ್ಪಿ ಮೇ ಕೊನೆಗೆ ಕಿತ್ತರೆ ನಾವು ಸುಡುವುದು ಖಾಲಿ ಮನೆ.

ಹುಳ ಬಿದ್ದ ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿ ಕತ್ತರಿಸಿದ ಮುಖ ನೋಡಿ. ಮರ ಸ್ವಚ್ಛವಾಗಿದ್ದರೆ ಬೊಡ್ಡೆ ಉಳಿಸಿ, ಹೊಸ ಚಿಗುರು ಬರುತ್ತದೆ. ಪುಡಿ ತುಂಬಿದ ಸುರಂಗ ಕೆಳಗೆ ಇಳಿದಿದ್ದರೆ ಬೇರು ಸಮೇತ ಕಿತ್ತುಹಾಕಿ, ದಯೆ ಬೇಡ. ಮಾರ್ಚ್ ತಿಂಗಳಿಗೆ ಇನ್ನೊಂದು ಕಷ್ಟವಿದೆ: ಕೊಯ್ಲು ಮುಗಿದು ಆಳುಗಳು ಊರಿಗೆ ಹೋಗಿರುತ್ತಾರೆ, ಹೂಮಳೆ ಬಿತ್ತೋ ಇಲ್ಲವೋ ಎಂದು ಎಲ್ಲರ ಕಣ್ಣು ಆಕಾಶದ ಮೇಲೆ, ಸ್ಪ್ರಿಂಕ್ಲರ್ ಓಡಾಟ ಬೇರೆ. ಟ್ರೇಸಿಂಗ್ ಮುಂದೆ ಹೋಗುವುದು ಹೀಗೆಯೇ.

ಕಿತ್ತ ಗಿಡವನ್ನು ಸೌದೆಗೆ ಇಟ್ಟುಕೊಳ್ಳಬಹುದೇ?

ಕೂಡಲೇ ಸುಡುವುದಾದರೆ ಸರಿ. ಬಚ್ಚಲೊಲೆಯ ಪಕ್ಕ ಒಟ್ಟಿ ಇಡುವುದು ಮಾತ್ರ ಬೇಡವೇ ಬೇಡ. ಕಡಿದ ಕಾಂಡದೊಳಗಿನ ಹುಳ ಸಾಯುವುದಿಲ್ಲ. ಒಳಗೇ ಬೆಳೆದು, ಕೋಶವಾಗಿ, ದುಂಬಿಯಾಗಿ ಹಾರಿ ತೋಟಕ್ಕೆ ಮರಳುತ್ತದೆ. ಎಷ್ಟೋ ತೋಟಗಳಲ್ಲಿ ಲೈನ್ ಮನೆಗಳ (ಆಳುಗಳ ಸಾಲುಮನೆಗಳ) ಸುತ್ತಲಿನ ಗಿಡಕ್ಕೇ ಬೋರರ್ ಹೆಚ್ಚು, ಯಾಕೆಂದು ಯೋಚಿಸಿ. ಸೌದೆ ಬೇಕೇ ಬೇಕೆಂದರೆ ಕೆರೆಯಲ್ಲೋ ತೊಟ್ಟಿಯಲ್ಲೋ ಒಂದು ವಾರ, ಹತ್ತು ದಿನ ಪೂರ್ತಿ ಮುಳುಗಿಸಿಟ್ಟು ಆಮೇಲೆ ಒಣಗಿಸಿ.

ಕಾಫಿ ಬೊಡ್ಡೆಯ ಮೇಲೆ ಗಾಜು ಕೂರಿಸಿ ಟೀಪಾಯಿ ಮಾಡಿಸುವ ಹುಚ್ಚು ಇರುವವರಿಗೂ ಇದೇ ಮಾತು. ಪಾಲಿಶ್ ಹೊಡೆಸುವ ಮುಂಚೆ ನೀರಿನಲ್ಲಿ ಹಾಕಿ.

ತೊಗಟೆ ಉಜ್ಜುವುದು, ಸುಣ್ಣ ಹೊಡೆಯುವುದು, ಇವೆಲ್ಲ ಕೆಲಸ ಮಾಡುತ್ತವೆಯೇ?

ಮಾಡುತ್ತವೆ. ಯಾಕೆಂದು ಗೊತ್ತಿದ್ದರೆ ಇನ್ನೂ ಚೆನ್ನಾಗಿ ಮಾಡಿಸಬಹುದು. ಮೊಟ್ಟೆಗೆ ಸಂದು ಬೇಕು. ಹಾರಾಟ ಶುರುವಾಗುವ ಹೊತ್ತಿಗೆ ಮುಖ್ಯ ಕಾಂಡ ಮತ್ತು ದಪ್ಪ ರೆಕ್ಕೆಗಳ ಒಣ ಸಿಪ್ಪೆಯನ್ನು ತೆಂಗಿನ ನಾರಿನ ಕೈಗವಸಿನಿಂದಲೋ ತೆಂಗಿನ ಸಿಪ್ಪೆಯಿಂದಲೋ ಉಜ್ಜಿ ನಯ ಮಾಡಿದರೆ ಮೊಟ್ಟೆ ನಿಲ್ಲಲು ಜಾಗವಿಲ್ಲ, ಇಟ್ಟಿದ್ದ ಮೊಟ್ಟೆಯೂ ಉದುರುತ್ತದೆ. ಕತ್ತಿಯಿಂದ ಕೆರೆಯಬೇಡಿ. ಹಸಿ ತೊಗಟೆಗೆ ಗಾಯವಾದರೆ ಮುಂದಿನ ಸಲ ಅದೇ ಸಂದಾಗುತ್ತದೆ.

ಸುಣ್ಣವೂ ಹಾಗೆಯೇ. ಶೇ 10ರ ಸುಣ್ಣದ ನೀರನ್ನು ಅಂಟು ಸೇರಿಸಿ ಕಾಂಡಕ್ಕೆ ಬಳಿದರೆ ಸಂದುಗಳು ಮುಚ್ಚಿಕೊಳ್ಳುತ್ತವೆ. ಮಳೆ ಬಿದ್ದರೆ ತೊಳೆದುಹೋಗುತ್ತದೆ, ಅದು ಅದರ ದೌರ್ಬಲ್ಯ.

ಹಿಂದೆ ಹೊಡೆಯುತ್ತಿದ್ದ ಲಿಂಡೇನ್ ಈಗ ಯಾಕೆ ಸಿಗುವುದಿಲ್ಲ?

ನಿಷೇಧವಾಗಿದೆ. ಅದು ಮಣ್ಣಿನಲ್ಲಿ, ಮೈಯಲ್ಲಿ ವರ್ಷಗಟ್ಟಲೆ ಕರಗದೆ ಉಳಿಯುವ ವಿಷ. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಇಂಥ ಕರಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿತು, ನಮ್ಮಲ್ಲಿ 2013ರಿಂದ ಬಳಕೆ ನಿಂತಿತು. ‘ಲಿಂಡೇನ್ ಇದ್ದಾಗ ಬೋರರ್ ಇರಲಿಲ್ಲ’ ಎಂದು ಹಳಬರು ಹೇಳುತ್ತಾರೆ. ಇತ್ತು. ಅದನ್ನೂ ಹಾರಾಟದ ತಿಂಗಳಲ್ಲಿ ಕಾಂಡಕ್ಕೆ ಹೊಡೆದವರಿಗೆ ಮಾತ್ರ ಫಲ ಸಿಗುತ್ತಿತ್ತು, ಏಕೆಂದರೆ ಯಾವ ಸಿಂಪಡಣೆಯಾದರೂ ಕೊಲ್ಲಬಲ್ಲದ್ದು ದುಂಬಿಯನ್ನು, ಮೊಟ್ಟೆಯನ್ನು, ಹೊಸದಾಗಿ ಒಡೆದ ಮರಿಯನ್ನು. ಒಳಗಿಳಿದದ್ದನ್ನು ಅಲ್ಲ. ಈಗ ಯಾವ ಔಷಧಿ, ಎಷ್ಟು ಪ್ರಮಾಣ ಎನ್ನುವುದನ್ನು ಅಂಗಡಿಯವರ ಬಾಯಿಂದ ಕೇಳಬೇಡಿ, ಕಾಫಿ ಮಂಡಳಿಯ ವಿಸ್ತರಣಾ ಕಚೇರಿಯಲ್ಲಿ ಕೇಳಿ.

ಮೋಹಕ ಬಲೆ ಹಾಕಿದರೆ ಸಾಕೇ?

ಸಾಲದು. ಆದರೂ ಹಾಕಿ. ಅದರ ಹಿಂದಿನ ಸಂಗತಿ ಸ್ವಾರಸ್ಯವಾಗಿದೆ. ನಾವು ನೋಡಿರುವ ಬಹುತೇಕ ಮೋಹಕ ಬಲೆಗಳಲ್ಲಿ ಹೆಣ್ಣಿನ ವಾಸನೆ ಇಟ್ಟು ಗಂಡನ್ನು ಹಿಡಿಯುತ್ತಾರೆ. ಇಲ್ಲಿ ವಾಸನೆ ಸೂಸುವುದು ಗಂಡು, ಹುಡುಕಿಕೊಂಡು ಬರುವುದು ಹೆಣ್ಣು. ಆ ವಾಸನೆಯ ಮುಖ್ಯ ಅಂಶ ಹೈಡ್ರಾಕ್ಸಿ ಡೆಕನೋನ್ ಎಂಬ ಸಂಯುಕ್ತ. ಅದನ್ನೇ ಕೃತಕವಾಗಿ ತಯಾರಿಸಿ ಬಲೆಯಲ್ಲಿ ಇಡುತ್ತಾರೆ. ಮೊಟ್ಟೆ ಹೊತ್ತ ಒಂದು ಹೆಣ್ಣು ಸಿಕ್ಕಿದರೂ ಐವತ್ತು ನೂರು ಹುಳ ಕಡಿಮೆಯಾದ ಹಾಗೆ.

ಇಷ್ಟಾದರೂ ಬಲೆಗೆ ಬೀಳದೆ ಉಳಿಯುವ ದುಂಬಿಗಳೇ ಹೆಚ್ಚು. ನನ್ನ ಮಟ್ಟಿಗೆ ಬಲೆಯ ದೊಡ್ಡ ಉಪಯೋಗ ಬೇರೆ: ಅದು ಗಡಿಯಾರ. ಮೊದಲ ದುಂಬಿ ಬಿದ್ದ ದಿನ ಹಾರಾಟ ಶುರುವಾಗಿದೆ ಎಂದರ್ಥ. ಮಳೆ ಏರುಪೇರಾಗುವ ಈ ದಿನಗಳಲ್ಲಿ ಹಾರಾಟ ಒಂದೆರಡು ವಾರ ಹಿಂದುಮುಂದಾಗುತ್ತದೆ, ಪಂಚಾಂಗ ನೋಡಿಕೊಂಡು ಕುಳಿತರೆ ತಪ್ಪುತ್ತದೆ.

ರೊಬಸ್ಟಾಕ್ಕೂ ಬರುತ್ತದೆಯೇ?

ಬರುವುದು ತೀರಾ ಅಪರೂಪ, ಬಂದರೂ ಬೇರೂರುವುದಿಲ್ಲ. ದೇಶದ ಕಾಫಿಯಲ್ಲಿ ಇಂದು ಸುಮಾರು ಶೇ 70 ರೊಬಸ್ಟಾ ಆಗಿರುವುದಕ್ಕೆ ಇರುವ ಕಾರಣಗಳಲ್ಲಿ ಈ ದುಂಬಿಯೂ ಒಂದು. ಬೇಸತ್ತವರು ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದರು.

ರೊಬಸ್ಟಾದ ರೆಕ್ಕೆ ಒಣಗಿಸುವ ಶಾಟ್ ಹೋಲ್ ಬೋರರ್ ಬೇರೆ, ಅದು ಎಳ್ಳಿನಷ್ಟು ಸಣ್ಣ ದುಂಬಿ. ಹಣ್ಣು ಕೊರೆಯುವ ಬೆರಿ ಬೋರರ್ ಇನ್ನೂ ಬೇರೆ, ಅದು 1990ರಲ್ಲಿ ನೀಲಗಿರಿಯ ಗೂಡಲೂರಿನ ಕಡೆ ನಮ್ಮ ದೇಶದಲ್ಲಿ ಮೊದಲು ಸಿಕ್ಕಿದ್ದು. ಕೆಂಪು ಕಾಂಡಕೊರಕವಂತೂ ದುಂಬಿಯೇ ಅಲ್ಲ, ಪತಂಗದ ಮರಿ. ಅದು ತೂತಿನಿಂದ ದುಂಡು ದುಂಡಗಿನ ಹಿಕ್ಕೆ ಹೊರಗೆ ಹಾಕುತ್ತದೆ. ‘ಬೋರರ್’ ಎಂದಾಗ ಯಾವುದು ಎಂದು ಖಚಿತ ಮಾಡಿಕೊಳ್ಳಿ.

ಕಾಫಿ ಬರುವ ಮುಂಚೆ ಈ ಹುಳ ಏನು ತಿನ್ನುತ್ತಿತ್ತು?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಕಾಫಿ ಯೆಮೆನ್ ಕಡೆಯಿಂದ ಬಂದದ್ದು, ದುಂಬಿ ಇಲ್ಲಿಯದೇ. ಅಂದರೆ ಅದು ನಮ್ಮ ಕಾಡಿನ ಮರಗಳಲ್ಲೇ ಬದುಕಿತ್ತು. ತೇಗ ಸೇರಿದಂತೆ ಕೆಲವು ಕಾಡುಮರಗಳಲ್ಲಿ, ಕಾಫಿಯ ದಾಯಾದಿಗಳಾದ ಕೇಪಳದ ಬಳಗದ ಗಿಡಗಳಲ್ಲಿ ಇದನ್ನು ದಾಖಲಿಸಿದ್ದಾರೆ. ಅಲ್ಲೊಂದು ಇಲ್ಲೊಂದು ಗಿಡ ಹುಡುಕಿಕೊಂಡು ಅಲೆಯುತ್ತಿದ್ದ ಹುಳಕ್ಕೆ ನಾವು ಸಾವಿರ ಎಕರೆಯಲ್ಲಿ ಒಂದೇ ಜಾತಿಯ ಗಿಡವನ್ನು ಆರಡಿಗೊಂದರಂತೆ ನೆಟ್ಟುಕೊಟ್ಟೆವು.

ಇದನ್ನು ತಿನ್ನುವ ಜೀವಿಗಳು ಇಲ್ಲವೇ?

ಇವೆ. ಮರದೊಳಗಿನ ಹುಳವನ್ನು ಹುಡುಕಿ ಅದರ ಮೇಲೆ ಮೊಟ್ಟೆ ಇಡುವ ಸಣ್ಣ ಕಣಜಗಳಿವೆ. ಅದರಲ್ಲೊಂದಕ್ಕೆ ನಮ್ಮ ಬೆಟ್ಟದ ಹೆಸರೇ ಇದೆ: ಅಪೆನೀಸಿಯಾ ಸಹ್ಯಾದ್ರಿಕಾ. ಪ್ರಯೋಗಾಲಯದಲ್ಲಿ ಸಾಕಿ ತೋಟಕ್ಕೆ ಬಿಡುವ ಪ್ರಯತ್ನಗಳೂ ನಡೆದಿವೆ. ಗಿಡಿದು ಮುಚ್ಚಿದ ಸುರಂಗದ ಒಳಗಿರುವ ಬೇಟೆಯನ್ನು ತಲುಪುವುದು ಕಣಜಕ್ಕೂ ಸುಲಭವಲ್ಲ.

ಪಕ್ಕದ ತೋಟದವರು ಏನೂ ಮಾಡದಿದ್ದರೆ ನಾನೊಬ್ಬ ಮಾಡಿ ಏನು ಪ್ರಯೋಜನ?

ಪ್ರಯೋಜನವಿದೆ, ಪೂರ್ತಿ ಅಲ್ಲ. ದುಂಬಿಗೆ ಬೇಲಿ ಗೊತ್ತಿಲ್ಲ. ಮಕ್ಕಳೆಲ್ಲ ಹೊರದೇಶದಲ್ಲಿದ್ದು ಪಾಳು ಬಿದ್ದ ತೋಟಗಳು ಈಗ ಪ್ರತಿ ಊರಲ್ಲೂ ಒಂದೆರಡಿವೆ. ಜಗಳದಿಂದ ಆಗದ ಕೆಲಸ ಅದು. ‘ನಿಮ್ಮ ಗಡಿಯ ನಾಲ್ಕು ಸಾಲು ನಮ್ಮ ಆಳುಗಳೇ ನೋಡುತ್ತಾರೆ, ಹುಳ ಬಿದ್ದ ಗಿಡ ಕಿತ್ತುಕೊಳ್ಳಲಾ?’ ಎಂದು ಫೋನ್ ಮಾಡಿ ಕೇಳಿದರೆ ಬೇಡ ಎನ್ನುವವರು ಕಡಿಮೆ. ಗಡಿಯ ಆ ಸಾಲುಗಳಲ್ಲಿ ನೆರಳು ಗಟ್ಟಿ ಮಾಡಿಕೊಳ್ಳುವುದು ನಿಮ್ಮ ಕೈಯಲ್ಲೇ ಇದೆ.

ಕಚ್ಚುತ್ತದೆಯೇ? ಕಾಫಿ ರುಚಿ ಕೆಡುತ್ತದೆಯೇ?

ಎರಡೂ ಇಲ್ಲ. ಹಣ್ಣಿನ ತಂಟೆಗೆ ಅದು ಹೋಗುವುದಿಲ್ಲ.

ಬಲೆಯಲ್ಲಿ ದುಂಬಿ ಸಿಕ್ಕಿದೆ. ಗಂಡೋ ಹೆಣ್ಣೋ ಹೇಗೆ ತಿಳಿಯುವುದು?

ಭೂತಗನ್ನಡಿ ಹಿಡಿದು ಮುಖ ನೋಡಿ. ಗಂಡಿನ ಹಣೆಯ ಮೇಲೆ ಎದ್ದ ಕಪ್ಪು ಏಣುಗಳಿರುತ್ತವೆ, ಹೆಣ್ಣಿಗಿಲ್ಲ. ಹೆಣ್ಣು ಸಾಮಾನ್ಯವಾಗಿ ಗಂಡಿಗಿಂತ ದೊಡ್ಡದು. ಸಿಕ್ಕಿದ ತಾರೀಕು, ಬ್ಲಾಕ್ ಹೆಸರು ಬರೆದು ಒಂದು ಸಣ್ಣ ಶೀಶೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ವರ್ಷ ಯಾವ ವಾರ ಆಳು ಕರೆಸಬೇಕೆಂದು ಅದನ್ನು ನೋಡಿ ತೀರ್ಮಾನಿಸಬಹುದು.